ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಯೇ?



ಈ ತಿಂಗಳ ಪಾಠಕ್ಕೆ ನಾವು ಆರಿಸಿಕೊಂಡದ್ದು ನಮ್ಮ ಸಂಘಗಳ ಸಭೆಯಲ್ಲೇ ಆಗಾಗ ಕೇಳಿಬರುವ ಒಂದು ಮಾತು. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು, ಚಹಾ ಕುಡಿಯುವ ಹೊತ್ತಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಈಗ ಕೆಲಸಕ್ಕೆ ಜನವೇ ಸಿಗುದಿಲ್ಲ ಮಾರಾಯ್ತಿ. ಅಕ್ಕಿ ಫ್ರೀ, ಕರೆಂಟು ಫ್ರೀ, ಬಸ್ಸು ಫ್ರೀ, ಮೇಲಿಂದ ಎರಡು ಸಾವಿರ. ಇನ್ನು ಯಾರು ಬೆನ್ನು ಬಗ್ಗಿಸ್ತಾರೆ?" ಉಳಿದವರು ಹೌದು ಹೌದು ಅಂತ ತಲೆ ಆಡಿಸುತ್ತಾರೆ. ತಮಾಷೆ ಏನೆಂದರೆ, ಹಾಗೆ ತಲೆ ಆಡಿಸಿದವರಲ್ಲಿ ಹೆಚ್ಚಿನವರು ಅದೇ ಅಕ್ಕಿ ತಂದವರು, ಅದೇ ಎರಡು ಸಾವಿರ ಪಡೆದವರು, ಮತ್ತು ಬೆಳಿಗ್ಗೆ ಐದಕ್ಕೆ ಎದ್ದು ಮನೆ ಕೆಲಸ ಮುಗಿಸಿ ಬಂದವರು. ಸೋಮಾರಿ ಯಾವಾಗಲೂ ಪಕ್ಕದ ಮನೆಯಲ್ಲೇ ಇರುತ್ತಾನೆ!

ಮಾತು ಸಣ್ಣದಾದರೂ ಪ್ರಶ್ನೆ ದೊಡ್ಡದು. ಸರಕಾರ ಉಳ್ಳವರಿಂದ ತೆಗೆದು ಇಲ್ಲದವರಿಗೆ ಕೊಡುತ್ತದೆ. ತೆರಿಗೆಯ ಮೂಲಕ ತೆಗೆಯಬಹುದು, ಭೂಮಿಯ ಕಾನೂನಿನ ಮೂಲಕವೂ ತೆಗೆಯಬಹುದು. ಇದರಿಂದ ಪಡೆದವರು ದುಡಿಯುವುದನ್ನು ಬಿಡುತ್ತಾರೆ ಎಂಬುದು ಒಂದು ಹೆದರಿಕೆ. ತೆಗೆಸಿಕೊಂಡವರು "ಇಷ್ಟು ದುಡಿದು ಎಂತ ಪ್ರಯೋಜನ" ಎಂದು ಕೈಚೆಲ್ಲುತ್ತಾರೆ ಎಂಬುದು ಇನ್ನೊಂದು. ಎರಡನ್ನೂ ನೋಡುವ.

ನಮ್ಮಲ್ಲಿ ಬೀಡಿ ಕಟ್ಟುವವರು ತುಂಬಾ ಮಂದಿ ಇದ್ದೀರಿ. ಹಾಗಾಗಿ ಬೀಡಿಯ ಲೆಕ್ಕದಿಂದಲೇ ಆರಂಭಿಸಿದರೆ ಸುಲಭ. ದಿನಕ್ಕೆ ಐನೂರು ಬೀಡಿ ಕಟ್ಟುವ ಅಕ್ಕನಿಗೆ ಯಾರೋ ತಿಂಗಳಿಗೆ ಸ್ವಲ್ಪ ಹಣ ಕೊಟ್ಟರು ಅಂತ ಇಟ್ಟುಕೊಳ್ಳಿ. ಅವಳು ಮರುದಿನ ಸೂಪು ಅಟ್ಟಕ್ಕೆ ಹಾಕುತ್ತಾಳೆಯೇ? ಇದು ಒಂದು ಪ್ರಶ್ನೆ. ಈಗ ಇನ್ನೊಂದು. ಅದೇ ಅಕ್ಕನಿಗೆ, "ನೀನು ಐನೂರಕ್ಕಿಂತ ಹೆಚ್ಚು ಕಟ್ಟಿದರೆ ಆ ಹೆಚ್ಚಿನ ಮಜೂರಿಯಲ್ಲಿ ಮುಕ್ಕಾಲು ಪಾಲು ಹಿಂದೆ ತೆಗೆದುಕೊಳ್ಳುತ್ತೇವೆ" ಅಂತ ಹೇಳಿದರು. ಅವಳು ರಾತ್ರಿ ನಿದ್ದೆಗೆಟ್ಟು ಇನ್ನೂರು ಹೆಚ್ಚು ಕಟ್ಟುತ್ತಾಳೆಯೇ? ಮೊದಲ ಪ್ರಶ್ನೆ ಕೈಯಲ್ಲಿ ಇರುವ ಹಣದ್ದು. ಎರಡನೆಯದು ಮಾಡಿದ ಕೆಲಸದ ಫಲ ಯಾರಿಗೆ ಸೇರುತ್ತದೆ ಎಂಬುದರದ್ದು. ಜನ ಮಾತಾಡುವಾಗ ಇವೆರಡನ್ನು ಒಂದೇ ಅಂತ ಮಾಡಿಬಿಡುತ್ತಾರೆ. ನಮ್ಮ ಇಡೀ ಪಾಠ ಇವೆರಡನ್ನು ಬೇರೆ ಬೇರೆ ಮಾಡಿ ನೋಡುವುದು.

ಗೇಣಿ ಅಕ್ಕಿಯ ಕಾಲ

ನಮ್ಮ ಜಿಲ್ಲೆಗಳಲ್ಲಿ ಉಳ್ಳವರಿಂದ ಇಲ್ಲದವರಿಗೆ ಆಸ್ತಿ ಹೋದ ಅತಿ ದೊಡ್ಡ ಘಟನೆ ಯಾವುದು ಅಂತ ಮನೆಯ ಹಿರಿಯರಲ್ಲಿ ಕೇಳಿ. ಡಿಕ್ಲರೇಶನ್ ಅನ್ನುತ್ತಾರೆ. ಆಗಿನ ದಕ್ಷಿಣ ಕನ್ನಡದಲ್ಲಿ, ಅಂದರೆ ಇಂದಿನ ಉಡುಪಿಯೂ ಸೇರಿ, ಬೇಸಾಯ ಮಾಡುವವನು ಒಬ್ಬ, ಭೂಮಿಯ ಧಣಿ ಇನ್ನೊಬ್ಬ ಎನ್ನುವುದೇ ಹೆಚ್ಚು. ಕೊಯ್ಲು ಆದ ಕೂಡಲೇ ಒಕ್ಕಲು ಅಕ್ಕಿ ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತುಕೊಂಡು ಹೋಗಬೇಕು. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವರಿಗೆ ಅದೂ ಇಲ್ಲ. ಧಣಿ ಏಳು ಅಂದರೆ ಏಳಬೇಕು.

ಈಗ ಯೋಚಿಸಿ. ಚಾಲಗೇಣಿ ಒಕ್ಕಲು ತೆಂಗಿನ ಸಸಿ ನೆಡುತ್ತಾನೆಯೇ? ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಅಡಿಕೆಗೂ ಸುಮಾರು ಅಷ್ಟೇ. ಅಷ್ಟರೊಳಗೆ ತನ್ನನ್ನು ಎಬ್ಬಿಸಿದರೆ? ಬಾವಿ ತೋಡಿ, ಗುಡ್ಡ ಸಮತಟ್ಟು ಮಾಡಿ, ಒಂದು ಬೆಳೆಯ ಗದ್ದೆಯನ್ನು ಎರಡು ಬೆಳೆಗೆ ತಂದರೆ ಮುಂದಿನ ವರ್ಷ ಗೇಣಿಯೇ ಏರಬಹುದು. ಹಾಗಾಗಿ ಬೇಕಾದಷ್ಟೇ ಮಾಡುತ್ತಿದ್ದ. ನೋಡಿದವರು ಅವನನ್ನು ಸೋಮಾರಿ ಅಂದಿರಲಿಕ್ಕೂ ಸಾಕು. ಆದರೆ ಅವನ ಲೆಕ್ಕ ಸರಿಯಾಗಿಯೇ ಇತ್ತು.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದರು. ಅದು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ತಾಲೂಕು ತಾಲೂಕಿಗೆ ಭೂ ನ್ಯಾಯಮಂಡಳಿ ಕುಳಿತಿತು. ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ವಿಚಾರಣೆ ಆಗಿ, ಭೂಮಿ ಅವನ ಹೆಸರಿಗೆ ಆಯಿತು. ಇಡೀ ಕರ್ನಾಟಕದಲ್ಲಿ ಈ ಕಾಯ್ದೆಯ ಫಲ ಹೆಚ್ಚು ಕಂಡದ್ದು ಕರಾವಳಿಯಲ್ಲೇ. ಯಾಕೆಂದರೆ ಗೇಣಿ ಹೆಚ್ಚು ಇದ್ದದ್ದೂ ಇಲ್ಲೇ.

ಆಗಲೂ ಇದೇ ಮಾತು ಕೇಳಿಬಂದಿತ್ತು: ಧಣಿಯ ಹೆದರಿಕೆ ಇಲ್ಲದಿದ್ದರೆ ಒಕ್ಕಲು ಗದ್ದೆ ಹಡೀಲು ಹಾಕ್ತಾನೆ ಅಂತ. ನಂತರ ಏನಾಯಿತು? ಇದಕ್ಕೆ ಪುಸ್ತಕ ಬೇಡ. ನಿಮ್ಮ ಮನೆಯ ಹಿತ್ತಿಲಲ್ಲಿರುವ ಹಳೆಯ ತೆಂಗಿನ ಮರದ ವಯಸ್ಸು ಕೇಳಿ. ಎಷ್ಟೋ ಮನೆಗಳಲ್ಲಿ ತೋಟ, ಬಾವಿ, ಹಂಚಿನ ಮಾಡು, ಹಟ್ಟಿಯಲ್ಲಿ ಒಳ್ಳೆಯ ದನ, ಇವೆಲ್ಲ ಭೂಮಿ ಹೆಸರಿಗೆ ಆದ ಮೇಲೆ ಬಂದವು. ಪಶ್ಚಿಮ ಬಂಗಾಳದಲ್ಲೂ ಇಂಥದ್ದೇ ಒಂದು ಪ್ರಯೋಗ ನಡೆಯಿತು. 1978ರಲ್ಲಿ ಶುರುವಾದ ಆಪರೇಶನ್ ಬರ್ಗಾದಲ್ಲಿ ಪಾಲಿಗೆ ಬೇಸಾಯ ಮಾಡುವವರ ಹೆಸರು ದಾಖಲಿಸಿ, ಅವರನ್ನು ಎಬ್ಬಿಸದಂತೆ ಮಾಡಿ, ಬೆಳೆಯ ಪಾಲನ್ನೂ ಹೆಚ್ಚಿಸಿದರು. ಅಲ್ಲಿ ಬೆಳೆ ಹೆಚ್ಚಾಯಿತು ಎಂದು ನಂತರ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ.

ಎಲ್ಲವೂ ಚೆಂದ ಆಯಿತು ಅಂತ ನಾವು ಹೇಳುವುದಿಲ್ಲ. ಎರಡು ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರು ಭೂಮಿ ಕಳೆದುಕೊಂಡರು. ಅವರು ಯಾವ ಲೆಕ್ಕದಲ್ಲೂ ಶ್ರೀಮಂತರಾಗಿರಲಿಲ್ಲ. ಗೇಣಿ ಚೀಟಿಯೇ ಇಲ್ಲದ ಕೂಲಿ ಆಳುಗಳಿಗೆ, ಅದರಲ್ಲೂ ದಲಿತ ಕುಟುಂಬಗಳಿಗೆ, ಮನೆ ಕಟ್ಟುವ ಜಾಗದಾಚೆಗೆ ಹೆಚ್ಚೇನೂ ಸಿಗಲಿಲ್ಲ. ಸಿಕ್ಕಿದ ಪಟ್ಟೆಯಲ್ಲೂ ಹೆಚ್ಚಾಗಿ ಗಂಡಸಿನ ಹೆಸರು. ನಾಟಿ ಮಾಡಿದ್ದು, ಕಳೆ ಕಿತ್ತದ್ದು ಯಾರು ಅಂತ ನಮಗೆ ಗೊತ್ತುಂಟು.

ಎರಡು ಹಸು ಕೊಟ್ಟಾಗ

ಭೂಮಿಯ ಮಾತು ಹಳೆಯದಾಯಿತು, ಈಗ ಕೊಡುವುದು ಬೇರೆ ರೀತಿ ಅನ್ನಬಹುದು. ಸರಿ. ನೆರೆಯ ಬಾಂಗ್ಲಾದೇಶಕ್ಕೆ ಹೋಗುವ. ಅಲ್ಲಿ ಬ್ರಾಕ್ ಎಂಬ ಸಂಸ್ಥೆ 2002ರಿಂದ ಕಡುಬಡ ಹೆಂಗಸರಿಗಾಗಿ ಒಂದು ಕಾರ್ಯಕ್ರಮ ನಡೆಸಿತು. ಇವರು ನಮ್ಮಂತೆ ಸಂಘಕ್ಕೆ ಸೇರುವಷ್ಟೂ ಅನುಕೂಲ ಇಲ್ಲದವರು, ವಾರದ ಉಳಿತಾಯಕ್ಕೆ ಹತ್ತು ರೂಪಾಯಿ ಹೊಂದಿಸಲಾಗದವರು. ಕೆಲಸ ಸಿಕ್ಕಿದ ದಿನ ಇನ್ನೊಬ್ಬರ ಮನೆಯಲ್ಲಿ ಪಾತ್ರೆ ತೊಳೆಯುವುದು ಅಥವಾ ಗದ್ದೆ ಕೂಲಿ. ಉಳಿದ ದಿನ ಏನೂ ಇಲ್ಲ. ಊರಿನವರೇ ಕುಳಿತು ಇಂಥವರನ್ನು ಗುರುತಿಸಿದರು. ಅವರಿಗೆ ಹಸುವೋ ಆಡೋ ಕೋಳಿಯೋ ಪುಕ್ಕಟೆಯಾಗಿ ಕೊಟ್ಟರು. ಹೆಚ್ಚಿನವರು ಹಸು ಆರಿಸಿಕೊಂಡರು. ಎರಡು ವರ್ಷ ಮನೆಗೆ ಬಂದು ಸಾಕಣೆ ಕಲಿಸಿದರು. ಸಾಲ ಅಲ್ಲ, ದಾನವೇ.

ಆ ಹೆಂಗಸರು ಹಸು ಮಾರಿ ಕುಳಿತು ಉಂಡರೇ? 2007ರಿಂದ ಸಾವಿರಕ್ಕಿಂತ ಹೆಚ್ಚು ಹಳ್ಳಿಗಳಲ್ಲಿ, ಹಸು ಸಿಕ್ಕಿದವರನ್ನೂ ಇನ್ನೂ ಸಿಗದವರನ್ನೂ ಹೋಲಿಸಿ ನೋಡಿದರು. ನಾಲ್ಕು ವರ್ಷದ ನಂತರ ಹಸು ಸಿಕ್ಕಿದವರು ಮೊದಲಿಗಿಂತ ಹೆಚ್ಚು ಹೊತ್ತು ದುಡಿಯುತ್ತಿದ್ದರು. ಗಳಿಕೆ ಶೇಕಡಾ 21ರಷ್ಟು ಹೆಚ್ಚಿತ್ತು. ಮುರ್ಶಿದಾಬಾದಿನಲ್ಲಿ ಬಂಧನ್ ಸಂಸ್ಥೆ ಇದೇ ಮಾದರಿಯ ಕಾರ್ಯಕ್ರಮ ನಡೆಸಿತು. ಅಲ್ಲಿ ಹತ್ತು ವರ್ಷದ ನಂತರ ಹೋಗಿ ನೋಡಿದಾಗಲೂ ಆ ಕುಟುಂಬಗಳು ಇತರರಿಗಿಂತ ಮುಂದಿದ್ದವು.

ಅವರಿಗೆ ಮೊದಲು ದುಡಿಯುವ ಮನಸ್ಸು ಇರಲಿಲ್ಲ ಎಂದಲ್ಲ. ದುಡಿಯಲು ಕೆಲಸವೇ ಇರಲಿಲ್ಲ. ಹಟ್ಟಿಯಲ್ಲಿ ದನ ಇದ್ದರೆ ಭಾನುವಾರವೂ ರಜೆ ಇಲ್ಲ ಎಂಬುದು ದನ ಸಾಕಿದ ಅಕ್ಕಂದಿರಿಗೆ ಹೇಳಬೇಕಾಗಿಲ್ಲ.

ಕೈಗೇ ಹಣ ಕೊಟ್ಟರೆ?

ಹಸು ಸರಿ, ಅದಕ್ಕೆ ಹುಲ್ಲು ಹಾಕಲೇಬೇಕು. ಬರೀ ಹಣ ಕೊಟ್ಟರೆ? ಮಧ್ಯಪ್ರದೇಶದಲ್ಲಿ ಸೇವಾ ಸಂಸ್ಥೆಯವರು ಯುನಿಸೆಫ್ ಸಹಾಯದಿಂದ ಇದನ್ನು ಮಾಡಿಯೇ ನೋಡಿದರು. 2011ರಲ್ಲಿ ಎಂಟು ಹಳ್ಳಿಗಳ ಎಲ್ಲರಿಗೂ, ಬಡವ ಶ್ರೀಮಂತ ಎಂದು ನೋಡದೆ, ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಗುವಿಗೆ 100 ರೂಪಾಯಿ. ನಂತರ ಅದನ್ನು 300 ಮತ್ತು 150 ಮಾಡಿದರು. ಯಾವ ಶರತ್ತೂ ಇಲ್ಲ. ಜನ ಮಾಡಿದ್ದು ಬೀಜ ಗೊಬ್ಬರ ಕೊಂಡದ್ದು, ಆಡು ಕೋಳಿ ಕೊಂಡದ್ದು. ಇನ್ನೊಬ್ಬರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮದೇ ತುಂಡು ಭೂಮಿಯಲ್ಲಿ ಹೆಚ್ಚು ದುಡಿದವರು ಬಹಳ. ಒಟ್ಟು ಕೆಲಸ ಇಳಿಯಲಿಲ್ಲ.

ಒಂದು ಕಡೆಯದ್ದು ನಂಬಲಿಕ್ಕಾಗದು ಅನ್ನುವವರಿಗೆ ಇನ್ನೊಂದು ಲೆಕ್ಕ. ಅಭಿಜಿತ್ ಬ್ಯಾನರ್ಜಿ, ಮುಂದೆ 2019ರಲ್ಲಿ ನೊಬೆಲ್ ಪಡೆದವರು, ಜೊತೆಗಾರರೊಂದಿಗೆ ಮೆಕ್ಸಿಕೋ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮುಂತಾದ ಆರು ದೇಶಗಳ ಏಳು ನಗದು ಕಾರ್ಯಕ್ರಮಗಳ ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2017ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಹಣ ಪಡೆದವರು ಕೆಲಸ ಬಿಟ್ಟರು ಎನ್ನಲು ಆಧಾರ ಸಿಗಲಿಲ್ಲ. ಗಂಡಸರಲ್ಲೂ ಇಲ್ಲ, ಹೆಂಗಸರಲ್ಲೂ ಇಲ್ಲ.

ಆದರೆ ಸತ್ಯ ಹೇಳುವಾಗ ಪೂರ್ತಿ ಹೇಳಬೇಕು. ಅಮೆರಿಕದಲ್ಲಿ 1968ರಿಂದ 1982ರ ನಡುವೆ ನಾಲ್ಕು ಕಡೆ ಬಡ ಕುಟುಂಬಗಳಿಗೆ ಹಣ ಕೊಟ್ಟು ನೋಡಿದಾಗ ಕೆಲಸದ ಗಂಟೆಗಳು ಇಳಿದವು. ಗಂಡಸರದ್ದು ಸ್ವಲ್ಪವೇ, ಮದುವೆಯಾದ ಹೆಂಗಸರದ್ದು ಅದಕ್ಕಿಂತ ಹೆಚ್ಚು. ಅಲ್ಲಿ ಕೊಟ್ಟ ರೀತಿಯನ್ನೂ ಗಮನಿಸಿ. ಸಂಪಾದನೆ ಏರಿದಂತೆ ಸಹಾಯವನ್ನು ದೊಡ್ಡ ಪಾಲಿನಲ್ಲಿ ಕಡಿತ ಮಾಡುತ್ತಿದ್ದರು, ಅಂದರೆ ನಾವು ಮೇಲೆ ಹೇಳಿದ ಬೀಡಿಯ ಎರಡನೇ ಪ್ರಶ್ನೆ. ಮತ್ತೆ, ಸಣ್ಣ ಮಗುವಿನ ತಾಯಿ ಹೊರಗಿನ ಕೆಲಸ ಎರಡು ಗಂಟೆ ಕಡಿಮೆ ಮಾಡಿ ಮನೆಯಲ್ಲಿದ್ದರೆ ಅವಳು ಕೆಲಸ ಬಿಟ್ಟಳು ಎಂದು ಬರೆದುಕೊಂಡರು. ಮನೆಯಲ್ಲಿ ಅವಳು ಕಾಲು ಚಾಚಿ ಮಲಗಿದ್ದಳು ಅಂತ ಎಣಿಸಿದ ಹಾಗುಂಟು!

ಹಾಗಾದರೆ ಕೂಲಿಗೆ ಜನ ಯಾಕೆ ಸಿಗುವುದಿಲ್ಲ?

ಜನ ಸಿಗುವುದಿಲ್ಲ ಎನ್ನುವುದು ಸುಳ್ಳಲ್ಲ. ನಾಟಿ, ಅಡಿಕೆ ಕೊಯ್ಲಿನ ಸಮಯದಲ್ಲಿ ಎಲ್ಲರೂ ಅನುಭವಿಸಿದ್ದೇವೆ. ಕಾರಣ ಹುಡುಕುವಾಗ ಮಾತ್ರ ಅಕ್ಕಿ ಚೀಲಕ್ಕೆ ಬೆರಳು ತೋರಿಸುವುದು ಸರಿಯೇ ಅಂತ ನೋಡಬೇಕು.

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ. ದಿನಕ್ಕೆ 170 ಗ್ರಾಂಗೂ ಕಡಿಮೆ. ರಾಜ್ಯ ಸರಕಾರ ಅದನ್ನು ಇಮ್ಮಡಿ ಮಾಡಿದರೂ 340 ಗ್ರಾಂ ದಾಟುವುದಿಲ್ಲ. ಗೃಹಲಕ್ಷ್ಮಿ, 2023ರ ಆಗಸ್ಟ್‌ನಲ್ಲಿ ಆರಂಭವಾದದ್ದು, ತಿಂಗಳಿಗೆ 2,000 ರೂಪಾಯಿ. ಇಡೀ ಮನೆಗೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅದೂ ಕೆಲವೊಮ್ಮೆ ಎರಡು ಮೂರು ತಿಂಗಳು ಕಾಯಿಸಿ ಬರುತ್ತದೆ. ಬೂತಾಯಿ ಮೀನು, ತೆಂಗಿನೆಣ್ಣೆ, ಗ್ಯಾಸು, ಮಕ್ಕಳ ಫೀಸು, ಅತ್ತೆಯ ಬಿ.ಪಿ. ಮಾತ್ರೆ, ಇವನ್ನೆಲ್ಲ 66 ರೂಪಾಯಿಯಲ್ಲಿ ಮಾಡಿ ಕೆಲಸಕ್ಕೆ ಹೋಗದೆ ಕುಳಿತುಕೊಳ್ಳುವ ಹೆಂಗಸು ನಿಮ್ಮ ಊರಿನಲ್ಲಿದ್ದರೆ ಅವಳನ್ನು ಒಕ್ಕೂಟದ ಸಭೆಗೆ ಕರೆತನ್ನಿ, ನಾವೆಲ್ಲ ಅವಳಿಂದ ಉಳಿತಾಯ ಕಲಿಯಬಹುದು.

ನಿಜ ಏನೆಂದರೆ, ಹಿಂದೆ ಒಂದು ಮನೆಯಿಂದ ಐದಾರು ಮಕ್ಕಳು ಗದ್ದೆಗೆ ಇಳಿಯುತ್ತಿದ್ದರು, ಈಗ ಇರುವ ಇಬ್ಬರು ಕಾಲೇಜಿನಲ್ಲಿದ್ದಾರೆ. ಹುಡುಗರು ಮುಂಬಯಿ, ಬೆಂಗಳೂರು, ಗಲ್ಫ್ ಸೇರಿದ್ದಾರೆ. ಗಾರೆ ಕೆಲಸದಲ್ಲಿ ಗದ್ದೆಗಿಂತ ಮಜೂರಿ ಹೆಚ್ಚು. ಇದೆಲ್ಲ ಉಚಿತ ಅಕ್ಕಿಗಿಂತ ಎಷ್ಟೋ ಮೊದಲೇ ಶುರುವಾದದ್ದು.

ಇನ್ನೊಂದು ಕಾರಣವೂ ಉಂಟು. ಅದನ್ನು ಬಿಡಿಸಿ ಹೇಳುವವರು ಕಡಿಮೆ. ಮನೆಯಲ್ಲಿ ನಾಳೆಗೆ ಅಕ್ಕಿ ಇಲ್ಲದವಳು ಯಾರು ಎಷ್ಟು ಕೊಟ್ಟರೂ, ಯಾವ ಮಾತು ಆಡಿದರೂ ಹೋಗಲೇಬೇಕು. ಅಕ್ಕಿ ಇದ್ದವಳು "ಆ ಮಜೂರಿಗೆ ಬರುದಿಲ್ಲ" ಅಂತ ಹೇಳಬಹುದು. ಕರೆದವರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದಾಗಲೂ ಕೃಷಿಗೆ ಆಳು ಸಿಗುವುದಿಲ್ಲ ಎಂಬ ದೂರು ಜೋರಾಗಿತ್ತು. ಆಂಧ್ರಪ್ರದೇಶದಲ್ಲಿ ಆ ಯೋಜನೆಯ ಹಣ ಸರಿಯಾಗಿ ಕೈಸೇರುವಂತೆ ಮಾಡಿದ ಮಂಡಲಗಳನ್ನು ಸಂಶೋಧಕರು ಪರಿಶೀಲಿಸಿದಾಗ ಕಂಡದ್ದೇ ಬೇರೆ. ಬಡ ಕುಟುಂಬಗಳ ಆದಾಯ ಏರಿತ್ತು, ಮತ್ತು ಏರಿದ್ದರಲ್ಲಿ ದೊಡ್ಡ ಪಾಲು ಸರಕಾರಿ ಕೆಲಸದಿಂದಲ್ಲ, ಹೊರಗಿನ ಕೆಲಸದಿಂದ. ಮಜೂರಿ ಏರಿತ್ತು, ಹೊರಗಿನ ಕೆಲಸದ ದಿನಗಳೂ ಕಡಿಮೆಯಾಗಿರಲಿಲ್ಲ.

ತೋಟ ಇರುವ ಸದಸ್ಯೆಯರಿಗೆ ಇದು ಕಷ್ಟದ ಮಾತು, ನಮಗೆ ಗೊತ್ತು. ಅಡಿಕೆಗೆ ಕೊಳೆರೋಗ ಬಂದ ವರ್ಷ ಮಜೂರಿ ಏರಿದರೆ ಸಣ್ಣ ಹಿಡುವಳಿಯವರ ಕೈ ಕಟ್ಟಿದ ಹಾಗೆ ಆಗುತ್ತದೆ. ಅದಕ್ಕೆ ದಾರಿ ಬೇರೆ ಹುಡುಕಬೇಕು: ಸಂಘದಿಂದ ಯಂತ್ರ ಬಾಡಿಗೆಗೆ ಕೊಡುವುದು, ಹಳೆಯ ಕಾಲದ ಹಾಗೆ ಮುಯ್ಯಾಳು ಮಾಡಿಕೊಳ್ಳುವುದು. ಇನ್ನೊಬ್ಬಳ ಅನ್ನದ ಬಟ್ಟಲು ಖಾಲಿ ಇರಲಿ ಅಂತ ಬಯಸುವುದು ದಾರಿಯಲ್ಲ.

ಎಲ್ಲಿ ನಿಜವಾಗಿಯೂ ಕೆಲಸಕ್ಕೆ ಅಡ್ಡ ಬರುತ್ತದೆ

ಇಷ್ಟು ಓದಿ, ಕೊಡುವುದರಿಂದ ಯಾವ ತೊಂದರೆಯೂ ಇಲ್ಲ ಅಂತ ತಿಳಿಯಬೇಡಿ. ತೊಂದರೆ ಉಂಟು, ಮತ್ತು ಅದು ನಮ್ಮ ಸದಸ್ಯೆಯರ ಕಾಲಿಗೇ ತೊಡಕಾಗುವುದನ್ನು ನಾವು ಕಾಣುತ್ತಿದ್ದೇವೆ.

ಬಿ.ಪಿ.ಎಲ್. ಕಾರ್ಡ್ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಕುಟುಂಬದ ವಾರ್ಷಿಕ ಆದಾಯ 1,20,000 ರೂಪಾಯಿ ದಾಟಬಾರದು ಎಂದು ನಿಯಮ. 2024ರಲ್ಲಿ ಕಾರ್ಡ್‌ಗಳ ಪರಿಶೀಲನೆ ನಡೆದು ಗಲಾಟೆ ಆದಾಗಲೂ ಇದೇ ಮಿತಿ ಇತ್ತು. ಲೆಕ್ಕ ಹಾಕುವ. ಒಬ್ಬರು ದಿನಕ್ಕೆ 400 ರೂಪಾಯಿಯಂತೆ 300 ದಿನ ದುಡಿದರೆ ಸರಿಯಾಗಿ 1,20,000. ಮನೆಯಲ್ಲಿ ಇನ್ನೊಬ್ಬರು ಒಂದು ದಿನ ಕೆಲಸಕ್ಕೆ ಹೋದರೂ ಮಿತಿ ದಾಟಿತು! ಅಂದರೆ ಕಾಗದದ ಪ್ರಕಾರ ಗಂಡ ಹೆಂಡತಿ ಇಬ್ಬರೂ ನಿಯತ್ತಾಗಿ ದುಡಿದರೆ ಕಾರ್ಡ್ ಇಲ್ಲ. ಇಷ್ಟು ಕೆಳಗೆ ಗೆರೆ ಎಳೆದರೆ ಜನ ಏನು ಮಾಡುತ್ತಾರೆ? ಕೆಲಸ ಬಿಡುವುದಿಲ್ಲ, ಆದಾಯ ಮುಚ್ಚಿಡುತ್ತಾರೆ. ಆದಾಯ ಪ್ರಮಾಣಪತ್ರದಲ್ಲಿ ಕಡಿಮೆ ಬರೆಸುತ್ತಾರೆ, ಬ್ಯಾಂಕಿಗೆ ಹಾಕಬೇಕಾದ್ದನ್ನು ಡಬ್ಬಿಯಲ್ಲಿ ಇಡುತ್ತಾರೆ. ಬ್ಯಾಂಕಿನಲ್ಲಿ ವ್ಯವಹಾರ ಕಾಣದಿದ್ದರೆ ದೊಡ್ಡ ಸಾಲವೂ ಸಿಗುವುದಿಲ್ಲ.

ಗೃಹಲಕ್ಷ್ಮಿಯ ನಿಯಮ ಹೀಗಿದೆ: ಯಜಮಾನಿ ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವವರಾಗಿದ್ದರೆ ಹಣ ಇಲ್ಲ. ಉಪ್ಪಿನಕಾಯಿ, ಹಪ್ಪಳ ಮಾಡುವ ಒಬ್ಬ ಅಕ್ಕನನ್ನು ಎಣಿಸಿಕೊಳ್ಳಿ. ಪೇಟೆಯ ದೊಡ್ಡ ಅಂಗಡಿಯವರು "ಜಿ.ಎಸ್.ಟಿ. ಬಿಲ್ ಕೊಟ್ಟರೆ ತಿಂಗಳು ತಿಂಗಳು ಮಾಲು ತೆಗೆದುಕೊಳ್ಳುತ್ತೇವೆ" ಅನ್ನುತ್ತಾರೆ. ಅದರಿಂದ ತಿಂಗಳಿಗೆ 3,000 ರೂಪಾಯಿ ಹೆಚ್ಚು ಉಳಿಯುತ್ತದೆ ಅಂತ ಇಟ್ಟುಕೊಳ್ಳುವ. ವರ್ಷಕ್ಕೆ 36,000. ನೋಂದಣಿ ಮಾಡಿ ರಿಟರ್ನ್ ಸಲ್ಲಿಸಿದ ಕೂಡಲೇ ಗೃಹಲಕ್ಷ್ಮಿಯ 24,000 ಹೋಯಿತು. ಲೆಕ್ಕ ಬರೆಯುವವರಿಗೆ ತಿಂಗಳಿಗೆ ಸಾವಿರ ಕೊಟ್ಟರೆ ಇನ್ನು 12,000. ಉಳಿದದ್ದು? ಸೊನ್ನೆ. ವರ್ಷವಿಡೀ ಒಲೆಯ ಮುಂದೆ ನಿಂತದ್ದಕ್ಕೆ ಸೊನ್ನೆ. "ಬೇಡಪ್ಪ, ನನಗೆ ಈಗ ಇದ್ದದ್ದೇ ಸಾಕು" ಅಂತ ಅವಳು ಹೇಳಿದರೆ ಅದಕ್ಕೆ ಎರಡು ಸಾವಿರ ಕಾರಣವಲ್ಲ, ಮುಂದೆ ಹೋದರೆ ಎರಡು ಸಾವಿರವನ್ನು ಒಮ್ಮೆಲೇ ಕಿತ್ತುಕೊಳ್ಳುವ ನಿಯಮ ಕಾರಣ.

ಇಲ್ಲಿ ಒಂದು ಉಪಯೋಗದ ಮಾತು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ, ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಹೆದರಿಕೆಯಿಂದ ಅಥವಾ ಯಾರೋ ಹೇಳಿದರು ಅಂತ ನೋಂದಣಿ ಮಾಡಿಸಬೇಡಿ. ಹಾಗೆಯೇ, ವ್ಯಾಪಾರ ಬೆಳೆಯುವ ಹಾಗಿದ್ದರೆ ಬರೀ ಮೊದಲ ವರ್ಷದ ಸೊನ್ನೆ ನೋಡಿ ಆರ್ಡರ್ ಬಿಡಬೇಡಿ. ಎರಡನೇ, ಮೂರನೇ ವರ್ಷದ ಲೆಕ್ಕವನ್ನೂ ಪ್ರೇರಕಿಯವರ ಜೊತೆ ಕುಳಿತು ಹಾಕಿ.

ಹಿರಿಯ ಸದಸ್ಯೆಯರಿಗೆ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ನೆನಪಿರಬಹುದು. 1999ರಲ್ಲಿ ಬಂತು, 2011ರಲ್ಲಿ ಅದರ ಜಾಗಕ್ಕೆ ಬೇರೆ ಯೋಜನೆ ಬಂತು. ಗುಂಪಿಗೆ ಸಾಲದ ಜೊತೆ ದೊಡ್ಡ ಸಬ್ಸಿಡಿ. ಸಬ್ಸಿಡಿಗಾಗಿಯೇ ರಾತ್ರಿ ಬೆಳಗಾಗುವುದರೊಳಗೆ ಸಂಘಗಳು ಹುಟ್ಟಿ, ಹಣ ಬಂದ ಮೇಲೆ ಹಂಚಿಕೊಂಡು ಮುಚ್ಚಿದ್ದನ್ನೂ ಊರೂರಲ್ಲಿ ಕಂಡಿದ್ದೇವೆ. ಅಲ್ಲಿ ಲಾಭ ಸಿಕ್ಕಿದ್ದು ಗುಂಪು ಮಾಡಿದ್ದಕ್ಕೆ, ಕೆಲಸ ಮಾಡಿದ್ದಕ್ಕಲ್ಲ. ಬ್ರಾಕ್‌ನವರು ಹಸು ಕೊಟ್ಟ ಮೇಲೆ ಎರಡು ವರ್ಷ ಮನೆಬಾಗಿಲಿಗೆ ಬಂದದ್ದು ಯಾಕೆಂದು ಇದರಿಂದ ಗೊತ್ತಾಗುತ್ತದೆ.

2023ರ ಜೂನ್ 11ರಿಂದ ಆರಂಭವಾದ ಶಕ್ತಿ ಯೋಜನೆಯಲ್ಲಿ ಇಂಥ ಗೆರೆ ಇಲ್ಲ. ಗಳಿಕೆ ಎಷ್ಟೇ ಇರಲಿ, ರಾಜ್ಯದ ಯಾವ ಹೆಂಗಸಾದರೂ ಸರಕಾರಿ ಸಾಮಾನ್ಯ ಬಸ್ಸು ಹತ್ತಬಹುದು. ಟಿಕೆಟ್ ಉಳಿಸಲಿಕ್ಕಾಗಿ ಯಾರೂ ಕಡಿಮೆ ದುಡಿಯಬೇಕಾಗಿಲ್ಲ, ಬದಲಿಗೆ ದೂರದ ಕೆಲಸಕ್ಕೆ ಹೋಗಬಹುದು. (ನಮ್ಮಲ್ಲಿ ಖಾಸಗಿ ಬಸ್ಸೇ ಹೆಚ್ಚಾದ್ದರಿಂದ ಆ ಭಾಗ್ಯ ಅರ್ಧಂಬರ್ಧ. ಅದು ಬೇರೆ ಮಾತು.)

ಕೊಡುವವರ ಕಡೆ

ಇನ್ನು ಎರಡನೇ ಹೆದರಿಕೆ: ಉಳ್ಳವರಿಂದ ಹೆಚ್ಚು ತೆಗೆದರೆ ಅವರು ದುಡಿಯುವುದಿಲ್ಲ. ಇದರಲ್ಲೂ ಸ್ವಲ್ಪ ಸತ್ಯ ಉಂಟು. ನಮ್ಮ ದೇಶದಲ್ಲಿ 1973-74ರಲ್ಲಿ ಅತಿ ಶ್ರೀಮಂತರ ಮೇಲಿನ ಆದಾಯ ತೆರಿಗೆ ಸರ್‌ಚಾರ್ಜ್ ಸೇರಿ ನೂರಕ್ಕೆ 97 ರೂಪಾಯಿ 75 ಪೈಸೆ ಮುಟ್ಟಿತ್ತು. ಕೊನೆಯ ನೂರರಲ್ಲಿ ಕೈಗೆ ಉಳಿಯುವುದು ಎರಡೂಕಾಲು ರೂಪಾಯಿ. ಪರಿಣಾಮ, ಕಪ್ಪು ಹಣ. ಇಂಥ ದರವೇ ಕಳ್ಳ ಲೆಕ್ಕಕ್ಕೆ ದಾರಿ ಎಂದು ವಾಂಚೂ ಸಮಿತಿ 1971ರಲ್ಲೇ ಹೇಳಿತ್ತು. ಮರುವರ್ಷವೇ ದರ ಇಳಿಸಿದರು. ಬಿ.ಪಿ.ಎಲ್. ಗೆರೆಯ ಕೆಳಗೆ ನಮ್ಮವರು ಮಾಡುವುದನ್ನೇ ಅವರು ಮೇಲಿನ ಗೆರೆಯಲ್ಲಿ ಮಾಡಿದರು. ಮನುಷ್ಯರ ಬುದ್ಧಿ ಎರಡೂ ಕಡೆ ಒಂದೇ.

ಆದರೆ ಈಗಿನ ಲೆಕ್ಕ ಬೇರೆ. 2023ರಲ್ಲಿ ಮಾಡಿದ ಬದಲಾವಣೆಯ ಪ್ರಕಾರ ಹೊಸ ಪದ್ಧತಿಯಲ್ಲಿ ಕೋಟಿಗಟ್ಟಲೆ ಸಂಪಾದಿಸುವವರ ಕೊನೆಯ ನೂರು ರೂಪಾಯಿಗೆ ತೆರಿಗೆ ಹೆಚ್ಚೆಂದರೆ 39 ರೂಪಾಯಿ. ಈಗ ನಮ್ಮ ಉಪ್ಪಿನಕಾಯಿ ಅಕ್ಕನ ಲೆಕ್ಕವನ್ನು ಪಕ್ಕದಲ್ಲಿಡಿ. 36,000 ಹೆಚ್ಚು ಗಳಿಸಿದಾಗ ಅವಳಿಂದ 24,000 ಹೋಯಿತು, ಲೆಕ್ಕ ಬರೆಯುವವರ ಫೀಸು ಬಿಟ್ಟೇ. ನೂರಕ್ಕೆ 66 ರೂಪಾಯಿ ಚಿಲ್ಲರೆ. ದುಡಿಯುವ ಹುಮ್ಮಸ್ಸು ಕುಂದುವ ಬಗ್ಗೆ ಚಿಂತೆ ಮಾಡುವವರು ಮೊದಲು ಯಾರ ಬಗ್ಗೆ ಚಿಂತೆ ಮಾಡಬೇಕು?

ತೆರಿಗೆ ಎಂದರೆ ಶ್ರೀಮಂತರದ್ದು ಮಾತ್ರ ಎನ್ನುವುದೂ ಸರಿಯಲ್ಲ. ಮೊಬೈಲ್ ರಿಚಾರ್ಜ್ ಮಾಡಿದಾಗ ನೂರಕ್ಕೆ 18ರಂತೆ ಜಿ.ಎಸ್.ಟಿ. ನಾವೂ ಕಟ್ಟುತ್ತೇವೆ. ಗೃಹಲಕ್ಷ್ಮಿಯಲ್ಲಿ ನಮ್ಮದೇ ಸ್ವಲ್ಪ ಹಣವೂ ತಿರುಗಿ ಬರುತ್ತದೆ. ಮತ್ತೊಂದು ಸಂಗತಿ. ದುಡಿಯದೆ ಸಿಕ್ಕಿದ ಹಣ ಮನುಷ್ಯನನ್ನು ಕೆಡಿಸುತ್ತದೆ ಎಂಬುದು ನಿಜವಾದರೆ ತಂದೆಯಿಂದ ಐವತ್ತು ಎಕರೆ ತೋಟವೋ ನಾಲ್ಕು ಅಂತಸ್ತಿನ ಕಟ್ಟಡವೋ ಸಿಕ್ಕಿದ ಮಗನ ಬಗ್ಗೆ ಎಲ್ಲರಿಗಿಂತ ಹೆಚ್ಚು ಹೆದರಬೇಕಿತ್ತು. ಸತ್ತವರ ಆಸ್ತಿಯ ಮೇಲೆ 1953ರಲ್ಲಿ ತಂದ ತೆರಿಗೆಯನ್ನು 1985ರಲ್ಲಿ ತೆಗೆದರು. ಸಂಪತ್ತು ತೆರಿಗೆ 1957ರಲ್ಲಿ ಬಂದದ್ದು 2015ರ ಬಜೆಟ್‌ನಲ್ಲಿ ಹೋಯಿತು. ಆ ಮಕ್ಕಳು ಸೋಮಾರಿಗಳಾಗಿ ಹೋದಾರು ಅಂತ ನಮ್ಮ ಚಹಾದ ಹೊತ್ತಿನಲ್ಲಿ ಯಾರೂ ಮರುಗಿದ್ದನ್ನು ನಾವು ಕೇಳಿಲ್ಲ.

ಸಭೆಯಲ್ಲಿ ಚರ್ಚೆಗೆ

ಈ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ, ಎರಡು ವಾರದ ಸಭೆಗಳಲ್ಲಿ ಚರ್ಚಿಸಿ. ಮೊದಲ ವಾರ, ಗೃಹಲಕ್ಷ್ಮಿಯ ಹಣ ಬಂದ ಮೇಲೆ ನಿಮ್ಮ ಕೆಲಸದಲ್ಲಿ ಏನು ಬದಲಾಯಿತು ಅಂತ ಪ್ರತಿಯೊಬ್ಬರೂ ಹೇಳಲಿ. ಯಾವ ಕೆಲಸ ಬಿಟ್ಟಿರಿ, ಯಾವುದು ಹೊಸದಾಗಿ ಹಿಡಿದಿರಿ, ಯಾವ ಮಜೂರಿಗೆ ಬೇಡ ಅಂದಿರಿ? ಸುಮ್ಮನೆ ಅವರಿವರ ಮನೆಯ ಕಥೆ ಬೇಡ, ತಮ್ಮ ತಮ್ಮದು ಮಾತ್ರ. ಹಿರಿಯರಿದ್ದರೆ ಗೇಣಿ ಕಾಲದ ಸಂಗತಿ ಹೇಳಿಸಿ, ಭೂಮಿ ಯಾರ ಹೆಸರಿಗೆ ಆಯಿತು ಅಂತಲೂ ಕೇಳಿ.

ಎರಡನೇ ವಾರ, ಕಾರ್ಡ್ ಹೋಗುತ್ತದೆ ಅಥವಾ ಎರಡು ಸಾವಿರ ನಿಲ್ಲುತ್ತದೆ ಎಂಬ ಹೆದರಿಕೆಯಿಂದ ಯಾರಾದರೂ ಆರ್ಡರ್, ಸಾಲ, ಅಥವಾ ಹೊಸ ಕೆಲಸ ಬಿಟ್ಟಿದ್ದೀರಾ ನೋಡಿ. ಎಷ್ಟು ರೂಪಾಯಿಯ ಲೆಕ್ಕ ಅಂತ ಬೋರ್ಡಿನಲ್ಲಿ ಬರೆಯಿರಿ. ಆದಾಯ ಮಿತಿಯನ್ನು ಏರಿಸುವುದು, ಮಿತಿ ದಾಟಿದವರ ಸೌಲಭ್ಯವನ್ನು ಒಮ್ಮೆಲೇ ನಿಲ್ಲಿಸದೆ ಎರಡು ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುವುದು, ಇಂಥ ಬೇಡಿಕೆಗಳನ್ನು ಗ್ರಾಮಸಭೆಯಲ್ಲಿ ಇಡಬಹುದೇ ಎಂದು ತೀರ್ಮಾನಿಸಿ. ಹೆಸರು ಬರೆಯದೆ ಲೆಕ್ಕ ಮಾತ್ರ ನಿರ್ಣಯ ಪುಸ್ತಕದಲ್ಲಿ ಬರೆದು ಒಕ್ಕೂಟದ ಮುಂದಿನ ಸಭೆಗೆ ತನ್ನಿ. ಎಲ್ಲ ಸಂಘಗಳ ಲೆಕ್ಕ ಒಟ್ಟು ಸೇರಿಸಿದ ಮೇಲೆ ಗ್ರಾಮಸಭೆಗೆ ಕೊಡುವ ಮನವಿಯನ್ನು ಅಲ್ಲಿಯೇ ಬರೆಯುವ.